ಉಂಡ ತಟ್ಟೆ

ಬಿಸಿನೀರ ಬಟ್ಟಲಲ್ಲಿ ನಿಂಬೆಹೋಳೊಂದು ತೇಲುತ್ತಿದೆ, ಪಕ್ಕದ ಮೇಜಿನ ದಪ್ಪ ಹೆಂಗಸು ಅದರಲ್ಲಿ ಬೆರಳದ್ದಿ ಒರೆಸಿಕೊಳ್ಳುತ್ತಾಳೆ, ಅಷ್ಟಕ್ಕೇ ಕೈ ತೊಳದಂಗಾತಂತ, ಈ ಊಟಿಗೆ ಬಂದವರ ಮಡಿ ದೇವರಿಗೇ ಪ್ರೀತಿ — ಜಯಕ್ಕ ಶಾಲು ಬಿಗಿದುಕೊಂಡಳು, ತಮ್ಮೂರು ಆಸ್ಪರಿಯಲ್ಲಿ ಈ ಹೊತ್ತಿನ ಬಿಸಿಲಿಗೆ ಕುರಿಗಳೂ ನೆರಳು ಬಿಟ್ಟು ಕದಲುವುದಿಲ್ಲ, ಇಲ್ಲಿ ಹುಲ್ಲಿನ ಮೇಲೆ ಮೇಜು ಹಾಕಿಕೊಂಡು ಮಂದಿ ಮಧ್ಯಾಹ್ನವಿಡೀ ಮೇಯುತ್ತಾರೆ, ಗಂಡ ಪಕೀರಪ್ಪನೂ ಮೇಯುತ್ತಿದ್ದಾನೆ, ಕುರಿ ಕಾಯ್ದವನಿಗೆ ಕಲಿಸಬೇಕೆ. ನೀ ಯಾಕ ಉಣವಲ್ಲಿ, ಎಂದ, ಬಾಯಲ್ಲಿ ಎಲುಬಿಟ್ಟುಕೊಂಡೇ, ನೀವು ಉಂಡ ಮ್ಯಾಲರಿ, ಎಂದಳು, ಇಷ್ಟು ವರ್ಷವೂ ಹೇಳಿದ್ದು ಅದೇ, ಗಂಡ ಉಂಡೆದ್ದ ತಟ್ಟೆಯಲ್ಲೇ ಅವಳ ಊಟ, ತುತ್ತೊಂದು ಮಿಕ್ಕಿರಬೇಕು, ಅದು ಹಿರೇ ಹೆಂಡತಿಯ ಪಾಲು — ತನಗೆ ಬಸಿರು ನಿಲ್ಲಲಿಲ್ಲವೆಂದು ತಾನೇ ತಂಗಿ ಪದ್ಮಜಾಳ ಕೈ ಹಿಡಿದು ತಂದು ಅವನ ಪಕ್ಕ ಕೂರಿಸಿದವಳು, ಆಮೇಲೆ ಮಂಚ ಹೋಯಿತು, ಬೀಗದ ಕೈ ಹೋಯಿತು, ಹುಟ್ಟಿದ ಮಗ ಅವ್ವ ಎಂದದ್ದು ತಂಗಿಯನ್ನೇ, ತಟ್ಟೆಯೊಂದನ್ನು ಮಾತ್ರ ಜಯಕ್ಕ ಬಿಡಲಿಲ್ಲ, ನಿನಗ ಬ್ಯಾರೆ ತಟ್ಟಿ ಐತಿ ತಂಗೀ, ನೀನು ಬೀಗರಾಕಿ ಇದ್ದಂಗ, ಎಂದು ನಗುನಗುತ್ತಾ ಬಡಿಸಿದಳು, ಒಮ್ಮೆ ನೆಂಟರ ಮುಂದೆ ಪದ್ಮಜಾ ಅವನ ತಟ್ಟೆಗೆ ಕೈ ಹಾಕಿದಾಗ ಮಣಿಕಟ್ಟು ಹಿಡಿದು ತಿರುಚಿದಳು, ಬಳೆ ಒಡೆದವು, ಆ ಸದ್ದು ನೆನೆದರೆ ಈಗಲೂ ಬಾಯಿ ಸಿಹಿ.

ಮ್ಯಾಡಮ್, ಫಿನಿಷ್, ಎಂದು ಬಡಿಸುವವನು ಮತ್ತೆ ಪಕೀರಪ್ಪನ ತಟ್ಟೆಗೆ ಕೈ ಚಾಚಿದ, ಜಯಕ್ಕ ಮತ್ತೆ ಅವನ ಕೈ ತಳ್ಳಿದಳು, ಅತ್ತ ಪಾತ್ರೆಗಳನ್ನೆಲ್ಲ ಒಳಗೆ ಹೊರುತ್ತಿದ್ದಾರೆ, ಹೊರಲಿ, ಗಂಡನ ತಟ್ಟೆಯಲ್ಲಿ ಹಿಡಿ ಅನ್ನ ಐತಿ, ಸಾರು ಐತಿ, ಬಿಟ್ಟಾನ, ಮರೆತಿಲ್ಲ, ಮುದುಕ ಮರೆತಿಲ್ಲ — ಬಟ್ಟಲು ಬಂತು, ಬಿಸಿನೀರು, ನಿಂಬೆಹೋಳು, ಇದೇನ್ ಕುಡಿಯಾದಾ, ಎಂದ ಪಕೀರಪ್ಪ, ಅವನ ಮಗ್ಗುಲಲ್ಲಿ ಕೂತಿದ್ದ ಪದ್ಮಜಾ ನಕ್ಕಳು, ಕುಡಿಯಾದಲ್ಲರಿ, ಕೈ ಚಾಚ್ರಿ, ಎಂದಳು, ಅವನು ಚಾಚಿದ, ತಟ್ಟೆಯ ಮೇಲೇ ಚಾಚಿದ, ಊರಲ್ಲಾದರೆ ಎದ್ದು ಬಚ್ಚಲಿಗೆ ಹೋಗುವವನು, ಕೈ ತೊಳೆದ ಮೇಲೆ ಅದು ಊಟವಲ್ಲ, ಎಮ್ಮೆಗೆ ಸುರಿಯುವ ಮುಸುರೆ, ಪದ್ಮಜಾಳಿಗೆ ಗೊತ್ತು, ಪಕ್ಕದವಳು ಬಟ್ಟಲಲ್ಲೇ ಅದ್ದಿದ್ದನ್ನೂ ನೋಡ್ಯಾಳ, ನೋಡಿಯೇ — ಬಟ್ಟಲೆತ್ತಿ ಬೆರಳು ಬೆರಳಿಗೂ ನೀರು ಬಿಟ್ಟಳು, ನಿಧಾನ, ಕೂಸಿನ ಕೈ ತೊಳೆದಂತೆ, ಕಣ್ಣು ಅಕ್ಕನ ಮೇಲೆ, ಆದವಾನಿ ಪೇಟೆಯಲ್ಲಿ ಕೊಂಡ ಹೊಸ ಬಳೆ ಘಲ್ಲೆಂದವು, ಅವರದಾತು, ತಗೋ ಅಕ್ಕಾ, ಉಣ್ಣು — ಅಗುಳು ಮೇಲೆದ್ದವು, ಸಾರು ಬಿಳಿಚಿತು, ಪಕೀರಪ್ಪ ತೇಗಿದ, ಬಡಿಸುವವನು ತಟ್ಟೆ ಎಳೆಯುತ್ತಿದ್ದಾನೆ, ಜಯಕ್ಕ ಅಂಚು ಹಿಡಿದಿದ್ದಾಳೆ, ಬಿಡಬೇಕು, ಬೆರಳು ಬಿಡವಲ್ಲವು, ತೇಲುತ್ತಿದೆ, ಅನ್ನದ ನಡುವೆ, ನಿಂಬೆಹೋಳು, ಆ ನಿಂಬೆಹೋಳು