ಪಟ್ಟಿ: ಮೂರನೇ ಉದಾಹರಣೆ

ನಮ್ಮ ನಿಘಂಟಿನಲ್ಲಿ ‘ಪಟ್ಟಿ’ ಎಂಬ ಪದಕ್ಕೆ ಅರ್ಥ ಬರೆದವಳು ನಾನೇ. ‘ಹೆಸರುಗಳನ್ನೋ ವಸ್ತುಗಳನ್ನೋ ಒಂದು ಕ್ರಮದಲ್ಲಿ ಒಂದರ ಕೆಳಗೊಂದು ಬರೆದದ್ದು.’ ಇಷ್ಟಕ್ಕೆ ಹನ್ನೊಂದು ದಿನ ಹಿಡಿಯಿತು. ನಗಬೇಡಿ. ‘ಒಂದರ ಕೆಳಗೊಂದು’ ಬೇಕೇ ಬೇಡವೇ ಎಂದು ಮುಖ್ಯಸ್ಥರಿಗೂ ನನಗೂ ಎರಡು ದಿನ ಜಗಳವಾಗಿ, ಮೂರನೆಯ ದಿನ ಅವರು ಕೈಮುಗಿದು ಬಿಟ್ಟುಕೊಟ್ಟರು. ಅವರಿಗೆ ನಾವಿಟ್ಟ ಹೆಸರು ಅಲ್ಪವಿರಾಮ. ನಾಲ್ಕು ಮಾತಿಗೊಮ್ಮೆ ನಿಲ್ಲದೆ ಮುಂದಕ್ಕೆ ಹೋದವರಲ್ಲ.

ಅರ್ಥವನ್ನು ಯಾರು ಬೇಕಾದರೂ ಬರೆದಾರು. ಜನ ಆ ಪದವನ್ನು ದಿನಬೆಳಗಾದರೆ ಹೇಗೆ ಆಡುತ್ತಾರೆ ಎಂದು ತೋರಿಸುವುದರಲ್ಲಿ ನಮ್ಮ ಜೀವ ತೇಯುತ್ತದೆ. ಹಾಗಾಗಿ ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೆಯೇ ಚೀಟಿಯಲ್ಲಿ ಬರೆದಿಡುತ್ತೇವೆ. ಚೀಟಿಯ ಕೆಳಗೆ ಹೇಳಿದವರು ಯಾರು, ಏನು ಕೆಲಸ, ಎಲ್ಲಿ ಹೇಳಿದ್ದು ಎಂಬ ಮೂರು ವಿವರ ಇರಲೇಬೇಕು. ಪುಸ್ತಕದಲ್ಲಿ ಮಾತು ಮಾತ್ರ ಅಚ್ಚಾಗುತ್ತದೆ, ಚೀಟಿ ಡ್ರಾಯರಿನಲ್ಲಿ ಉಳಿಯುತ್ತದೆ. ‘ಪಟ್ಟಿ’ಗೆ ಮೂರು ಉದಾಹರಣೆ ಕೊಟ್ಟಿದ್ದೆ. ಒಂದು ಪಕ್ಕದ ಮನೆಯಾಕೆಯದು, ‘ಪಟ್ಟಿ ಬರ್ಕೊಂಡು ಹೋಗು, ಇಲ್ಲಾಂದ್ರೆ ಉಪ್ಪು ಮರೆತು ಬರ್ತೀಯ.’ ಇನ್ನೊಂದು ಬಸ್ಸಿನಲ್ಲಿ ಯಾರೋ ಅತ್ತೆ ಸೊಸೆಯ ಬಗ್ಗೆ ಅಂದದ್ದು, ‘ಅವಳ ತಪ್ಪಿನ ಪಟ್ಟಿ ಮಾಡ್ತಾ ಕೂತ್ರೆ ನನ್ನ ಆಯಸ್ಸು ಸಾಲಲ್ಲ.’ ಮೂರನೆಯದು ನನ್ನ ತಂಗಿಯದು.

ನನ್ನ ತಂಗಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮೂರು ವರ್ಷದ ಹಿಂದೆ ಅವಳ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಗೇಟಿಗೆ ಒಂದು ಪಟ್ಟಿ ಅಂಟಿಸಿದ್ದರು. ನಲವತ್ತೆರಡು ಹೆಸರು, ಅವನದು ಹದಿನೇಳನೆಯದು. ಮರುದಿನ ಹತ್ತು ಗಂಟೆಗೆ ವಿಚಾರಣೆಗೆ ಬರಬೇಕು ಎಂದಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಆ ನಲವತ್ತೆರಡು ಜನರಲ್ಲಿ ಒಬ್ಬರೂ ಹಿಂದಿರುಗಲಿಲ್ಲ, ಎಲ್ಲಿದ್ದಾರೆಂದು ಕೇಳಹೋದವರಿಗೆ ಅಂಥ ಪಟ್ಟಿಯೇ ಇರಲಿಲ್ಲ ಎಂಬ ಉತ್ತರ ಸಿಕ್ಕಿತು. ಆಮೇಲೆ ನಾನೇ ನನ್ನ ಗಂಟುಮೂಟೆ ಕಟ್ಟಿಕೊಂಡು ಅವಳ ಮನೆಗೆ ಬಂದೆ. ಅವಳು ನನ್ನಲ್ಲಿಗೆ ಬರಲು ಸುತರಾಂ ಒಪ್ಪಲಿಲ್ಲ. ಅವನು ಬಂದರೆ ಈ ಬಾಗಿಲಿಗೇ ತಾನೇ ಬರಬೇಕು ಎಂದು ಅಂದಿನಿಂದ ಒಂದು ರಾತ್ರಿಯೂ ಅವಳು ಬೇರೆ ಕಡೆ ಮಲಗಿಲ್ಲ.

ಒಂದು ಸಂಜೆ ಲಂಗದ ಅಂಚು ಮಡಿಸುತ್ತಾ, ತಲೆ ಕೂಡ ಎತ್ತದೆ ಅವಳು ಹೇಳಿದಳು: “ಪಟ್ಟಿ ಮಾಡೋರ ಹೆಸರು ಮಾತ್ರ ಯಾವ ಪಟ್ಟೀಲೂ ಇರಲ್ಲ, ಅಲ್ವೇನಕ್ಕ?”

ಒಡಹುಟ್ಟಿದವಳ ಸಂಕಟ ಕೇಳಿ ಮೈದಡವಬೇಕಾದವಳು ನಾನು. ಪೆನ್ನು ಹುಡುಕಿದೆ. ನನ್ನ ಹಾಳು ಕಸುಬು ಅಂಥದು. ಮರುದಿನ ಚೀಟಿ ಮಾಡಿದೆ, ವರ್ಷ ಕಳೆದ ಮೇಲೆ ಅಚ್ಚಿಗೂ ಕಳಿಸಿದೆ. ಅದಕ್ಕಿಂತ ಒಳ್ಳೆಯ ವಾಕ್ಯ ನನ್ನ ಹತ್ತಿರ ಇರಲಿಲ್ಲ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅಚ್ಚಾಗುವ ಪುಸ್ತಕಗಳನ್ನೆಲ್ಲ ಮೊದಲು ಓದಿ ನೋಡುವ ಕಚೇರಿಯೊಂದು ಆ ಹೊತ್ತಿಗೆ ಶುರುವಾಗಿತ್ತು. ನಿಘಂಟನ್ನು ಯಾರು ಓದುತ್ತಾರೆ ಎಂದು ನಾವು ನಿಶ್ಚಿಂತೆಯಿಂದ ಇದ್ದೆವು. ಅವರು ಓದಿದ್ದರು. ಸೋಮವಾರ ಮಧ್ಯಾಹ್ನ ಬಂದ ಪತ್ರವನ್ನು ಅಲ್ಪವಿರಾಮ ನನ್ನ ಮೇಜಿನ ಮೇಲಿಟ್ಟು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪುಟ ೨೧೪, ಎರಡನೇ ಕಾಲಂ, ‘ಪಟ್ಟಿ’, ಮೂರನೇ ಉದಾಹರಣೆ. ಹೇಳಿದವರ ವಿವರವಿರುವ ಮೂಲ ಚೀಟಿ ನೋಡಲು ಮಂಗಳವಾರ ಹನ್ನೊಂದಕ್ಕೆ ಅಧಿಕಾರಿ ಬರುತ್ತಾರೆ.

ಚೀಟಿ ಸಿಕ್ಕಿದರೆ ತಂಗಿಯೂ ಗಂಡ ಹೋದ ದಾರಿಯನ್ನೇ ಹಿಡಿಯಬೇಕು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಂಜೆ ಐದೂವರೆಗೆ ಎಲ್ಲರೂ ಹೊರಟ ಮೇಲೆ ಡ್ರಾಯರ್ ಎಳೆದೆ. ಮೆಟ್ಟಿಲ ಮೇಲೆ ಕಾವಲುಗಾರನ ಬೂಟಿನ ಸದ್ದು ಕೇಳಿಸುತ್ತಿತ್ತು. ಎರಡು ಸಲ ಚೀಟಿಗಳು ಬೆರಳಿಂದ ಜಾರಿದವು. ಹೇಗೋ ನನ್ನ ಚೀಟಿ ತೆಗೆದು, ಆಗಬೇಕಾದ್ದೆಲ್ಲ ಮುಗಿಸಿ ಡ್ರಾಯರ್ ಮುಚ್ಚಿ, ಅದನ್ನು ರವಿಕೆಯೊಳಗೆ ಸೇರಿಸಿಕೊಂಡು ಮನೆಗೆ ಬಂದೆ. ಒಲೆಯಲ್ಲಿ ಸುಟ್ಟು ಬೂದಿಯನ್ನು ನಲ್ಲಿ ನೀರಿಗೆ ಬಿಟ್ಟೆ. ಏನದು ವಾಸನೆ ಎಂದು ತಂಗಿ ಹೊಲಿಗೆ ಯಂತ್ರದ ಮುಂದಿನಿಂದಲೇ ಕೇಳಿದಳು. ಮಸಿಬಟ್ಟೆಗೆ ಕಿಡಿ ತಗುಲಿತು ಎಂದೆ. ಇಲಿ ತಿಂದಿರಬೇಕು ಸ್ವಾಮಿ, ಹಳೇ ಕಟ್ಟಡ, ಎಂದು ನಾಳೆ ಹೇಳಬೇಕಾದ ಮಾತನ್ನು ರಾತ್ರಿಯೆಲ್ಲ ಮನಸ್ಸಿನಲ್ಲೇ ಉರು ಹೊಡೆದೆ.

ಅಧಿಕಾರಿ ಗುಡುಗುವವನಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ನನಗೆ ಮಗನಾಗುವ ವಯಸ್ಸಿನವನು, ಕೂರಿ ಎಂದು ನನಗೇ ಕುರ್ಚಿ ಎಳೆದುಕೊಟ್ಟ. ನಮ್ಮ ಕೆಲಸ ಎಷ್ಟು ಅಚ್ಚುಕಟ್ಟು ಎಂದು ಹೊಗಳಿದ. ಅಲ್ಪವಿರಾಮ ಗೋಡೆಗೆ ಆತು ನಿಂತಿದ್ದರು, ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅಧಿಕಾರಿ ತಾನೇ ಡ್ರಾಯರ್ ಎಳೆದು, ಒಂದೊಂದೇ ಚೀಟಿ ಸರಿಸುತ್ತಾ ಹೋದ. ಇಲಿಯ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು.

ಅವನ ಬೆರಳು ನಿಂತಿತು. ಒಂದು ಗುಲಾಬಿ ಬಣ್ಣದ ಕಾರ್ಡು ಹೊರಗೆ ಬಂತು.

ನಮ್ಮಲ್ಲಿ ಯಾವ ಚೀಟಿಯನ್ನು ಹೊರತೆಗೆದರೂ ಆ ಜಾಗದಲ್ಲಿ ಒಂದು ಗುಲಾಬಿ ಕಾರ್ಡು ಇಡಬೇಕು. ತೆಗೆದವರು ಯಾರು, ಯಾವಾಗ, ಚೀಟಿಯಲ್ಲಿ ಏನಿತ್ತು ಎಂದು ಅದರಲ್ಲಿ ತುಂಬಬೇಕು. ಇಡದವರನ್ನು ಇಪ್ಪತ್ತಾರು ವರ್ಷ ಬಾಯಿಗೆ ಬಂದಂತೆ ಬೈದವಳು ನಾನು. ನಿನ್ನೆ ಸಂಜೆ ತಲೆ ಹೆದರಿ ದಿಕ್ಕುಗೆಟ್ಟಿತ್ತು, ಕೈ ಮಾತ್ರ ತನ್ನ ಪಾಡಿಗೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಬರೆದದ್ದು ನನಗೆ ನೆನಪೇ ಇರಲಿಲ್ಲ. ನನ್ನದೇ ದುಂಡು ಅಕ್ಷರ, ಕೆಳಗೆ ನನ್ನದೇ ರುಜು.

ಅಧಿಕಾರಿ ಮೆಲ್ಲಗೆ ಓದಿದ. ಹೇಳಿದವರು, ನನ್ನ ತಂಗಿ. ಕೆಲಸ, ಹೊಲಿಗೆ. ಸ್ಥಳ, ಮನೆ. ಆಮೇಲೆ ಕಾರ್ಡನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟ.

“ನಿಮಗೆ ಎಷ್ಟು ಜನ ತಂಗಿಯರು?”

“ಒಬ್ಬಳು,” ಎಂದೆ. ಅವನ ಪೆನ್ನು ಕಾಗದಕ್ಕೆ ತಾಗಿದ್ದು ಕಂಡಿತು. ಆಗ ನನ್ನ ಬಾಯಿಂದ ಇನ್ನೊಂದು ಮಾತು ಬಂತು. “ಇದ್ದಳು. ತೀರಿಕೊಂಡಳು.”

ಯಾವಾಗ ಎಂದು ಕೇಳಿದ. ಹೋದ ಚಳಿಗಾಲದಲ್ಲಿ ಎಂದೆ. ಏನಾಗಿತ್ತು ಎಂದ. ಜ್ವರ ಎಂದೆ. ಅಲ್ಪವಿರಾಮ ಹೋದ ವಾರ ತಾನೇ ತಮ್ಮ ಪ್ಯಾಂಟನ್ನು ಅವಳ ಹತ್ತಿರ ಸರಿಮಾಡಿಸಿಕೊಂಡು ಹೋಗಿದ್ದರು. ನಾನು ಅವರ ಕಡೆ ನೋಡಲಿಲ್ಲ, ಅವರೂ ಬಾಯಿ ಬಿಡಲಿಲ್ಲ. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಅಧಿಕಾರಿ ಬಹಳ ವಿಷಾದವಾಯಿತು ಎಂದ. ಶುಕ್ರವಾರದೊಳಗೆ ಮರಣ ಪ್ರಮಾಣಪತ್ರ ತಂದುಕೊಟ್ಟರೆ ವಿಚಾರಣೆಯಿಂದ ಅವಳ ಹೆಸರು ಬಿಟ್ಟುಬಿಡಬಹುದು, ಇಲ್ಲದಿದ್ದರೆ ಮನೆಗೇ ಒಮ್ಮೆ ಬಂದು ನೋಡಬೇಕಾಗುತ್ತದೆ ಎಂದ. ವಿಳಾಸ ನಮ್ಮ ಕಚೇರಿಯ ಪುಸ್ತಕದಲ್ಲೇ ಇತ್ತು.

ತಲೆನೋವೆಂದು ರಜೆ ಹಾಕಿ ಮನೆಗೆ ಓಡಿದೆ. ಬೀದಿಯಲ್ಲಿ ಹಿಂದೆ ಯಾರು ನಡೆದರೂ ಆ ಅಧಿಕಾರಿಯೇ ಅನ್ನಿಸುತ್ತಿತ್ತು. ತಂಗಿ ಯಾರದೋ ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ಬಾಗಿಲು ಹಾಕಿ, ಅವಳ ಎದುರು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಚೀಟಿ ಮಾಡಿದ್ದು, ಸುಟ್ಟದ್ದು, ಕಾರ್ಡು ಇಟ್ಟದ್ದು. ಕೊನೆಗೆ, ನೀನು ಸತ್ತಿದ್ದೀಯ ಎಂದು ಹೇಳಿ ಬಂದದ್ದು.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಬಿಡ್ತು ಅನ್ನಕ್ಕ,” ಎಂದಳು, ಚಿಕ್ಕವರಿದ್ದಾಗ ಅಮ್ಮ ಹೇಳಿಸುತ್ತಿದ್ದ ಹಾಗೆ. ಬಿಡ್ತು ಅಂದೆ. ಮೂರು ಸಲ ಅಂದೆ. ಅಂದ ಮಾತ್ರಕ್ಕೆ ಶುಕ್ರವಾರ ಬರದೆ ಇರುತ್ತದೆಯೇ. ದಿನವೂ ಹತ್ತಾರು ಜನ ಬಂದುಹೋಗುವ ಮನೆ ಇದು. ಈ ಬೀದಿಯಲ್ಲಿ ಅವಳ ಕೈಯ ಹೊಲಿಗೆ ತೊಡದವರೇ ಇಲ್ಲ. ಇಲ್ಲಿದ್ದುಕೊಂಡು ಸತ್ತವಳಾಗಲು ಅವಳಿಂದ ಆಗದು.

ನದಿಯಾಚೆ ದೊಡ್ಡಮ್ಮನ ಮನೆಗೆ ಐದು ಗಂಟೆಯ ಬಸ್ಸಿದೆ, ಹೊರಡು ಎಂದೆ. ಆಗುವುದಿಲ್ಲ ಎಂದಳು. ಕಾಲು ಹಿಡಿದುಕೊಂಡೆ. ನಾನು ಅಕ್ಕ, ಅವಳು ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಆದರೂ ಹಿಡಿದೆ. ನಿನ್ನ ಬಾಯಿಂದ ಬಂದ ಮಾತನ್ನು ಮಾರಿಕೊಂಡ ಪಾಪಿ ನಾನು, ನಿನ್ನನ್ನೂ ಕಳೆದುಕೊಂಡು ಬದುಕಲಾರೆ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂಬಾಗಿಲ ಕಡೆ ತಿರುಗಿದಳು.

“ನಾನು ಹೋದ್ಮೇಲೆ ನಮ್ಮನೆಯವರು ಬಂದ್ರೆ,” ಎಂದಳು, “ಅವರಿಗೂ ನಾನು ಸತ್ತೆ ಅಂತಾನೇ ಹೇಳ್ತೀಯೇನಕ್ಕ?”

ಇಲ್ಲ ಎನ್ನಲು ಬಾಯಿ ತೆರೆದೆ. ಬಾಗಿಲಿಗೆ ಬಂದವನು ಅವನೇ ಆಗಿದ್ದರೂ, ಅವನ ಹಿಂದೆ ಯಾರು ನಿಂತಿರುತ್ತಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

“ಹೇಳ್ತೀನಿ,” ಎಂದೆ.

ಅವಳು ತಲೆಯಾಡಿಸಿ ಎದ್ದು, ಚೀಲಕ್ಕೆ ಬಟ್ಟೆ ತುಂಬಲು ಶುರುಮಾಡಿದಳು.