ರಾಜಬಿಯ ಹೊಲದಲ್ಲಿ ತಾನೇ ಎದ್ದ ನೇಗಿಲು

ಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಉಪ್ಪಿನಬೆಟಗೇರಿಗೆ ಮೊದಲ ಟ್ರ್ಯಾಕ್ಟರ್ ಬಂತು. ಅದರ ಸದ್ದಿಗೆ ಕೋಳಿಗಳು ಎರಡನೇ ಸಲ ಬೆಳಗಾಯಿತೆಂದು ಕೂಗಿದವು. ಎಂಟು ವರ್ಷದಿಂದ ಕಿವಿ ಕೇಳದಿದ್ದ ಮುದುಕನೊಬ್ಬ "ಯಾರಲೇ ಅದು?" ಎಂದು ಎದ್ದು ಕೂತ. ಕೆಲಗೇರಿ ಕೆರೆಯ ಮೀನುಗಳು ದಂಡೆಗೆ ಬಂದು ಇಣುಕಿ ಹೋದವಂತೆ. ಮೀನಿನ ಮಾತು ಬೇಕಾದರೆ ಬಿಡಿ, ಉಳಿದದ್ದು ಸುಳ್ಳಲ್ಲ.

ಟ್ರ್ಯಾಕ್ಟರ್ ಬಂದದ್ದು ರಾಜಬಿಯ ಹೊಲಕ್ಕೆ. ಗಂಡ ತೀರಿಕೊಂಡ ಮೇಲೆ ಆರು ವರ್ಷ ತಾನೇ ರಂಟೆ ಹೊಡೆದು ಉತ್ತು, ತಾನೇ ಬಿತ್ತಿ ಬೆಳೆದ ಹೆಂಗಸು ಅವಳು. ನಾಲ್ಕೆಕರೆ ಎರೆಭೂಮಿ ಬಿಟ್ಟರೆ ಅವಳಿಗೆ ಬೇರೆ ಆಸರೆ ಇರಲಿಲ್ಲ. ಆ ಭೂಮಿಗೆ ಎರಡು ವರ್ಷದಿಂದ ಕರಿಕೆ ಹುಲ್ಲು ಹತ್ತಿಕೊಂಡಿತ್ತು. ಅದರ ಬೇರು ಎಂಥದೆಂದರೆ, ಇಲ್ಲಿ ಹಿಡಿದು ಎಳೆದರೆ ಹುಬ್ಬಳ್ಳಿಯಲ್ಲಿ ಯಾರದೋ ಅಂಗಳ ಅಲುಗಬೇಕು. ಅವಳ ಮುದಿ ಎತ್ತುಗಳಿಗೆ ಅದು ಬಗ್ಗುವಂಥದ್ದಲ್ಲ. ಈ ಸಲವೂ ಆಳಕ್ಕೆ ಉಳದಿದ್ದರೆ ಜೋಳ ಬಿತ್ತುವ ಮಾತೇ ಇಲ್ಲ. ಸಪ್ತಾಪುರದ ಪಂಢರಿನಾಥರಾಯರು ಅವಳ ಪಾಡು ಕೇಳಿ, ತಾವು ತರಿಸಿದ ಹೊಸ ಟ್ರ್ಯಾಕ್ಟರನ್ನು ಒಂದೇ ಒಂದು ದಿನದ ಮಟ್ಟಿಗೆ ಕಳಿಸಿದ್ದರು.

ಜೊತೆಗೆ ಬಂದ ಡ್ರೈವರ್ ಹುಸೇನಬಾಷಾ ಯುದ್ಧದಲ್ಲಿ ಲಾರಿ ಓಡಿಸಿದವನು. ಬಾಯಿ ತೆರೆದರೆ ಬರ್ಮಾ. ಟ್ರ್ಯಾಕ್ಟರಿನ ಹಿಂದೆ ಕೆಳಗೆರಡು ಕಬ್ಬಿಣದ ತೋಳು, ಮೇಲೊಂದು ಸಲಾಕೆ; ಆ ಮೂರಕ್ಕೂ ನೇಗಿಲನ್ನು ಸಿಕ್ಕಿಸಿದ್ದರು. ಸೀಟಿನ ಬಲಕ್ಕೆ ಒಂದು ಸಣ್ಣ ಹಿಡಿಕೆ.

"ಇದು ಯಾತಕ್ಕಪಾ?" ಎಂದಳು ರಾಜಬಿ.

"ರಂಟಿ ಇಳಸಾಕ, ಎತ್ತಾಕ, ಖಾಲಾ. ಹಿಡಿಕಿ ಬಾಜೂಕ ರಾಯರು ಸುಣ್ಣದ ಗುರುತ ಹಚ್ಚಿ ಕೊಟ್ಟಾರ. ಉಳೂಮುಂದ ಅಲ್ಲಿಗೆ ಇಟ್ಟು ಮರತಬಿಡು ಅಂದಾರ. ನಾ ಆಗಲೇ ಮರತೇನಿ."

ಮೊದಲ ಸಾಲು ಬಿತ್ತು. ಗೇಣು ಆಳದ ಕರಿಮಣ್ಣು ಹೊರಳಿ ಮಲಗಿತು, ಕರಿಕೆ ಬೇರುಸಹಿತ ಮೇಲೆ ಬಂತು. ಬದುವಿನ ಮೇಲೆ ನಿಂತ ಊರವರೆಲ್ಲ ಹೋ ಎಂದರು. ಹೊಲದ ನಡುವಿಗೆ ಬಂದಾಗ ಮಾತ್ರ ಎಂಜಿನ್ ಒಂದು ಸಲ ಏದುಸಿರು ಬಿಟ್ಟಿತು, ನೇಗಿಲು ತಾನೇ ಮೇಲೆದ್ದಿತು! ಹತ್ತು ಹೆಜ್ಜೆ ನೆಲ ಸವರುತ್ತ ಹೋಗಿ ಮತ್ತೆ ತಾನೇ ಮಣ್ಣಿಗಿಳಿಯಿತು.

"ಏ ಡ್ರೈವರಾ, ಯಾಕ ಎತ್ತಿದಿ?" ಎಂದು ಕೂಗಿದ ನಿಜಾಮುದ್ದೀನ ಕಾಕಾ. ಊರಿನ ಹಿರಿಯ, ಪಕ್ಕದ ಹೊಲದವನು.

"ನಾ ಎಲ್ಲಿ ಎತ್ತೇನ್ರಿ? ಎರಡೂ ಕೈ ಇಲ್ಲೇ ಅದಾವ ನೋಡ್ರಿ!"

ಎರಡನೇ ಸಾಲಿನಲ್ಲಿ ಅದೇ ಜಾಗ, ಅದೇ ಆಟ. ಮೂರನೇ ಸಲ ರಾಜಬಿ ಬಗ್ಗಿ, ನೇಗಿಲಿನ ಮೇಲೇ ಕಣ್ಣಿಟ್ಟು, ತುಸು ದೂರ ಬಿಟ್ಟು ಅದರ ಜೊತೆಗೇ ನಡೆದಳು. ಸಲಾಕೆಯ ತುದಿಗೆ, ಸೀಟಿನ ಹಿಂದೆ, ಒಂದು ದಪ್ಪ ಸ್ಪ್ರಿಂಗ್ ಇತ್ತು. ಅದು ಕುಗ್ಗಿತು, ನೇಗಿಲು ಎದ್ದಿತು. ಹುಸೇನಬಾಷಾ "ಯಾ ಅಲ್ಲಾ!" ಎಂದು ಕೆಳಗೆ ಹಾರಿ ಕೈಮುಗಿದು ನಿಂತ. ಟ್ರ್ಯಾಕ್ಟರ್ ತನ್ನ ಪಾಡಿಗೆ ತಾನು ಹೊರಟೇ ಹೋಗಿತ್ತು. ಬೆನ್ನಟ್ಟಿ ಹಿಡಿದು ನಿಲ್ಲಿಸಬೇಕಾಯಿತು.

"ನೆಲದೊಳಗ ಯಾರೋ ಶರಣರು ಅದಾರವ್ವಾ!" ಎಂದು ನೆರೆಮನೆಯ ಬೀರವ್ವ ನೆಲಕ್ಕೆ ಹಣೆ ಹಚ್ಚಿದಳು.

"ಶರಣರಲ್ಲ, ಪೀರಸಾಹೇಬ್ರು," ಎಂದ ನಿಜಾಮುದ್ದೀನ.

ಯಾರಾದರೂ ಆಗಲಿ, ದೊಡ್ಡವರು ಎಂಬಲ್ಲಿಗೆ ಊರು ಒಂದಾಯಿತು. ಎಲೆಅಡಿಕೆ ಹಾಕಿ ಉಗುಳುವಷ್ಟು ಹೊತ್ತಿನಲ್ಲಿ ಹಸಿರು ಬಟ್ಟೆ ಬಂತು, ಅರಿಷಿಣ ಬಂತು, ಊದುಬತ್ತಿ ಬಂತು, ತೆಂಗಿನಕಾಯಿ ಗಾಡಿಯ ಮೇಲೆ ಬಂತು.

"ಭಾಗ್ಯವಂತಿ ನೀನು ರಾಜಬಿ," ಎಂದ ನಿಜಾಮುದ್ದೀನ. "ಇಲ್ಲಿ ಗದ್ದಿಗಿ ಆಗಬೇಕು. ಇನ್ನ ಈ ಹೊಲ ಉಳೂಹಾಂಗಿಲ್ಲ."

"ಇಷ್ಟು ಜಾಗಾ ಬಿಡ್ತೇನ್ರಿ ಕಾಕಾ, ಉಳಿದದ್ದು..."

"ಮಂದಿ ಬರ್ತಾರ, ಗಾಡಿ ನಿಲ್ಲಬೇಕು, ಎತ್ತ ಕಟ್ಟಬೇಕು. ನಾಕೂ ಎಕರೆ ಬೇಕಾಕ್ಕೈತಿ."

ರಾಜಬಿಗೆ ಒಂದು ಕಡೆ ಹೊಟ್ಟೆಯ ಭಯ, ಇನ್ನೊಂದು ಕಡೆ ದೇವರ ಭಯ. ಎಷ್ಟು ಸಲ ಅಲ್ಲೇ ಕೂತು ರೊಟ್ಟಿ ತಿಂದು ಕೈ ತೊಳೆದಿದ್ದಳಲ್ಲ! ತಪ್ಪಾಯಿತೆಂದು ಬೇಡಲು ಆ ಜಾಗದಲ್ಲಿ ಮೊಣಕಾಲೂರಿ ಅಂಗೈ ಇಟ್ಟಳು. ನೆಲ ಬಂಡೆಯ ಹಾಗಿತ್ತು. ಕರಿಕೆ ಕೂಡ ಅಲ್ಲಿ ಹುಟ್ಟಿರಲಿಲ್ಲ.

ಆಗ ಅವಳ ಅಂಗೈಗೇ ನೆನಪಾಯಿತು. ಪ್ರತಿ ವರ್ಷ ಇಲ್ಲಿಗೆ ಬಂದಾಗ ಎತ್ತುಗಳ ಕುತ್ತಿಗೆ ಬಗ್ಗುತ್ತಿತ್ತು. ಅವಳ ಕೈ ತಾನಾಗಿ ರಂಟೆಯನ್ನು ಸ್ವಲ್ಪ ಮೇಲಕ್ಕೆತ್ತಿ ಅವುಗಳ ಭಾರ ಇಳಿಸುತ್ತಿತ್ತು. ಅತ್ತೆಯ ಕಾಲದಲ್ಲಿ ರಾಶಿ ಮಾಡುವ ಕಣ ಇದ್ದದ್ದು ಇಲ್ಲೇ! ಪೀರಸಾಹೇಬರಿಗಿಂತ ಇದು ದೊಡ್ಡ ಆಘಾತ.

ಎದ್ದು ಹೋಗಿ ಹುಸೇನಬಾಷಾನ ತೋಳು ಹಿಡಿದಳು. "ಹುಸೇನಾ, ಆ ಸ್ಪ್ರಿಂಗ್ ಐತಲ್ಲ, ಅದು ನನ್ನ ಅಂಗೈ ಇದ್ದಾಂಗೋ! ನೆಲ ಬಿರಸ ಬಂದ್ರ ರಂಟಿ ಅದನ್ನ ಒತ್ತತೈತಿ. ಒತ್ತಿದ ಕೂಡ್ಲೆ ಯಂತ್ರ ರಂಟಿ ಎತ್ತಿ ಭಾರ ಕಡಿಮಿ ಮಾಡ್ಕೋತೈತಿ."

"ಖಾಲಾ, ಬಿಸಲ ಬಡದೈತಿ ನಿಮಗ. ನೆರಳಿಗೆ ಬರ್ರಿ."

"ನಿನ್ನ ಹಿಡಿಕಿ ಆಳ ಹೇಳೂದಲ್ಲೋ ಹುಚ್ಚಾ! ಎಷ್ಟು ಭಾರ ಎಳೀಬೇಕು ಅನ್ನೂದನ್ನ ಹೇಳತೈತಿ. ಗುರುತಿನ ಕೆಳಗ ದಬ್ಬಿದ್ರ ಇನ್ನೂ ಭಾರ ಎಳೀತೈತಿ."

ಹುಸೇನಬಾಷಾ ಬಾಯಿ ತೆರೆದ. ಬರ್ಮಾ ಬರಲಿಲ್ಲ.

ಅತ್ತ ಕಾಯಿ ಒಡೆಯಲು ಶುರುವಾಗಿತ್ತು. ಈಗ ಸ್ಪ್ರಿಂಗಿನ ಮಾತು ಯಾರು ಕೇಳುತ್ತಾರೆ? ರಾಜಬಿ ತಲೆಯ ಮೇಲೆ ಸೆರಗೆಳೆದುಕೊಂಡು ನಿಜಾಮುದ್ದೀನನ ಮುಂದೆ ನಿಂತಳು.

"ಕಾಕಾ, ಗದ್ದಿಗಿ ಕಟ್ಟೂದಂದ್ರ ಪೀರಸಾಹೇಬ್ರ ತಲಿ ಯಾವ ಕಡೆ, ಕಾಲ ಯಾವ ಕಡೆ ತಿಳೀಬೇಕಲ್ರಿ. ಯಂತ್ರಕ್ಕ ಗೊತ್ತಾಕ್ಕೈತಿ. ಇಲ್ಲಿಂದ ಸೀದಾ ಒಂದು ಸಾಲ ಬಿಡೋಣ್ರಿ."

"ಖರೇ ಮಾತು," ಎಂದ ಕಾಕಾ ಗಂಭೀರವಾಗಿ.

ಸಾಲು ಹೊರಟಿತು. ಮೆತ್ತನೆ ಮಣ್ಣಲ್ಲಿ ಗೇಣು ಆಳ. ಜನ ಹಿಂದೆ ಹಿಂದೆ ನಡೆದರು. ರಾಜಬಿಯ ಹೊಲ ಮುಗಿಯಿತು, ನಿಜಾಮುದ್ದೀನನ ಹೊಲ ಬಂತು, ಅಲ್ಲಿ ಅವನ ಕಣ. ಕಣದ ಅಂಚು ಮುಟ್ಟಿದ್ದೇ ತಡ, ನೇಗಿಲು ಟಣ್ಣೆಂದು ಎದ್ದಿತು!

ಜನ "ಆಂ!" ಎಂದ ರಭಸಕ್ಕೆ ಎರಡು ರುಮಾಲು ಬಿಚ್ಚಿ ಬಿದ್ದವು.

"ಅಯ್ಯ ನನ್ನವ್ವಾ, ಎಷ್ಟು ಉದ್ದ ಅದಾರ ಪುಣ್ಯಾತ್ಮರು!" ಎಂದು ಬೀರವ್ವ ಹಸಿರು ಬಟ್ಟೆ ಕಿತ್ತುಕೊಂಡು ಕಣದ ಕಡೆ ಓಡಿಬಂದಳು. ಹಿಂದೆಯೇ ಕಾಯಿಯ ಗಾಡಿ ತಿರುಗಿತು.

ನಿಜಾಮುದ್ದೀನ ಕಣಕ್ಕೆ ಅಡ್ಡ ನಿಂತ. "ಏ, ನಿಲ್ರಿ! ಇದು ನನ್ನ ಕಣ! ನೆಲ ಬಿರಸ ಐತಿ ಅಂತ ಎದ್ದೈತಿ, ಅಷ್ಟ! ಮೂವತ್ತು ವರ್ಷ ಸಗಣಿ ಸಾರಿಸಿ, ಎತ್ತ ತುಳಿಸಿ ನಾನೇ ಬಿರಸ ಮಾಡೇನಿ!"

"ಅಲ್ಲೂ ಕಣಾನೇ ಇತ್ರಿ ಕಾಕಾ," ಎಂದಳು ರಾಜಬಿ. "ನಮ್ಮ ಅತ್ತಿ ಕಾಲದ್ದು."

ಬೀರವ್ವ ಬಟ್ಟೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡಳು.

ರಾಜಬಿ ತನ್ನ ಹೊಲದ ನಡುವೆ ಹೋಗಿ, ಚಕ್ರದಿಂದ ದೂರ ನಿಂತು ಕೂಗಿದಳು. "ನಾ 'ಹೂಂ' ಅಂದ್ರ ಹಿಡಿಕಿ ಕೆಳಗ. 'ಹೋ' ಅಂದ್ರ ಗುರುತಿಗೆ."

"ಖಾಲಾ, ನನಗ ಮಕ್ಕಳು ಅದಾರ!"

"ನನಗ ಹೊಟ್ಟಿ ಐತಿ. ನಡಿ!"

ಹುಸೇನಬಾಷಾ ಬಂದ. "ಹೂಂ!" ಎಂದಳು. ಅವನು ಕಣ್ಣು ಮುಚ್ಚಿ ಹಿಡಿಕೆಯನ್ನು ಎರಡು ಬೆರಳು ಕೆಳಗೆ ದಬ್ಬಿದ. ಚಕ್ರ ಒಂದು ಸಲ ಜಾರಿತು, ಎಂಜಿನ್ ಗುಡುಗಿತು, ಹೊಗೆಗೆ ಸೂರ್ಯ ಕಾಣದಾದ. ನೇಗಿಲು ಏಳಲಿಲ್ಲ. ಹೊಸ್ತಿಲಿನಷ್ಟು ದೊಡ್ಡ ಹೆಂಟೆಗಳು ಸಿಡಿದು ಮೇಲೆದ್ದವು. ಒಳಗಿಂದ ಬಂದದ್ದು ಹಳೆಯ ಹೊಟ್ಟು, ಬರೀ ಹೊಟ್ಟು. ಬಿರುಸು ನೆಲ ಮುಗಿದದ್ದೇ ನೇಗಿಲು ಪಾತಾಳಕ್ಕೆ ಹೊರಟಿತು.

"ಹೋ!"

ಅವನು ಗುರುತಿಗೆ ಎಳೆದ. ನೇಗಿಲು ಮತ್ತೆ ಗೇಣು ಆಳಕ್ಕೆ ಬಂದು ನಿಂತಿತು.

ಹೊತ್ತು ಮುಳುಗುವ ಮೊದಲು ನಾಲ್ಕೂ ಎಕರೆ ಹೊರಳಿ ಮಲಗಿತ್ತು. ಜನ ಕೊಬ್ಬರಿ ಹಂಚಿಕೊಂಡು ಚದುರಿದರು. ಕೊನೆಗೆ ಉಳಿದ ನಿಜಾಮುದ್ದೀನ ಹತ್ತಿರ ಬಂದು ದನಿ ತಗ್ಗಿಸಿದ.

"ರಾಜಬಿ, ನಿನ್ನ ಹೊಲದ್ದು ಆತು. ನನ್ನ ಕಣದಾಗ... ಖರೇನ ಏನೂ ಇಲ್ಲಲ್ಲ?"

"ರಂಟಿ ಹೊಡದ ನೋಡೋಣೇನ್ರಿ?"

"ಬ್ಯಾಡ, ಬ್ಯಾಡವಾ!" ಎಂದ ಕಾಕಾ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಣ ತುಳಿಯದೆ, ದೂರದಿಂದ ಸುತ್ತುಹಾಕಿ ಮನೆಗೆ ಹೋದ.