ಗೆರೆ ಮೇಲೆ ನಡಿ

"ಬೆಳಗ್ಗೇನೇ ಏರಿಸ್ಕೊಂಡು ಬಂದಿದೀಯೇನೇ, ಲೌಡಿ? ನಿಂತಲ್ಲೇ ತೂರಾಡ್ತೀಯಲ್ಲೇ!"

ಮೇಸ್ತ್ರಿಯ ಕೂಗಿಗೆ ದೊಡ್ಡಕ್ಕ ಹಂಡೆಯ ಬಾಯಿಂದ ತಲೆ ಹೊರಗೆ ಹಾಕಿದಳು. ಕೆಳಗೆ ಅಂಗಳದಲ್ಲಿ ಅವಳ ತಂಗಿ ಬಿದ್ದಿದ್ದಳು. ಬುಟ್ಟಿ ಮಗುಚಿ ಹೂವಿನ ಚರಟ ನೆಲದ ತುಂಬ ಹರಡಿ ಹಬೆಯಾಡುತ್ತಿತ್ತು.

ಆ ಕಾರ್ಖಾನೆಯ ಕೆಲಸ ಹೇಳುವುದಕ್ಕೆ ಸುಲಭ. ಒಣಗಿದ ಹೂವನ್ನು ಮನೆಯಷ್ಟೆತ್ತರದ ಹಂಡೆಗೆ ತುಂಬಿ ಮೇಲಿಂದ ಪೆಟ್ರೋಲಿನಂಥ ಹೆಕ್ಸೇನ್ ದ್ರವ ಬಿಡುವುದು. ಅದು ಹೂವಿನ ಬಣ್ಣವನ್ನೆಲ್ಲ ಬಿಡಿಸಿಕೊಂಡು ಕೆಳಗಿಳಿಯುತ್ತದೆ. ಕಾಯಿಸಿ ಆವಿ ಮಾಡಿದರೆ ಹೆಕ್ಸೇನ್ ಹೋಗಿ ಬಣ್ಣದ ಅಂಟು ಉಳಿಯುತ್ತದೆ. ಅದು ಉಳ್ಳವರ ಮಕ್ಕಳು ತಿನ್ನುವ ಬಿಸ್ಕತ್ತಿಗೆ. ತಳದಲ್ಲಿ ಉಳಿದ ಚರಟವನ್ನು ಹಂಡೆಯೊಳಗಿಳಿದು ಕೆರೆದು ತೆಗೆಯುವುದು ಹೆಂಗಸರ ಪಾಲಿಗೆ. ಕಬ್ಬಿಣದ ಸಲಿಕೆ ಒಯ್ಯುವಂತಿರಲಿಲ್ಲ. ಕಿಡಿ ಹಾರಿದರೆ ಹಂಡೆಯೇ ಹಾರಿಹೋಗುತ್ತದಲ್ಲ! ಅದಕ್ಕೆ ಮರದ ಸಲಿಕೆ ಮಾಡಿಸಿಕೊಟ್ಟಿದ್ದರು. ಹಂಡೆಯ ಮೇಲೆ ಸಾಹುಕಾರನಿಗೆ ಅಷ್ಟು ಮಮತೆ.

ಹೆಂಗಸರು ಹೆಕ್ಸೇನನ್ನು ತಂಪುನೀರು ಎನ್ನುತ್ತಿದ್ದರು. ಚರ್ಮಕ್ಕೆ ತಾಗಿದ್ದೇ ತಣ್ಣಗೆ ಹಾರಿಹೋಗುತ್ತಿತ್ತು. ಯಾವ ಸೋಪಿಗೂ ಬಗ್ಗದ ಅಂಟು ಅದಕ್ಕೆ ಬಗ್ಗುತ್ತಿತ್ತು. ಕೆಲಸ ಮುಗಿದ ಮೇಲೆ ತೊಟ್ಟಿಯ ಸುತ್ತ ಕೂತು, ಸೀರೆ ಮೊಣಕಾಲಿಗೆ ಏರಿಸಿ, ಉರಿಯುವ ಪಾದಗಳನ್ನು ತಂಪುನೀರಿಗೆ ಇಳಿಬಿಟ್ಟು ಗಂಡಂದಿರನ್ನು ಆಡಿಕೊಂಡು ನಗುವುದು. ಇಡೀ ದಿನದಲ್ಲಿ ತಮ್ಮದು ಎನ್ನಿಸುವ ಗಳಿಗೆ ಅವರಿಗೆ ಅದೊಂದೇ. ಮೇಸ್ತ್ರಿ ಕಂಡೂ ಸುಮ್ಮನಿರುತ್ತಿದ್ದ. ಸೋಪು ಉಳಿಯಿತಲ್ಲ.

ದೊಡ್ಡಕ್ಕ ಏಣಿ ಇಳಿಯುವಷ್ಟರಲ್ಲಿ ಸಾಹುಕಾರ ಅಲ್ಲಿಗೆ ಬಂದಿದ್ದ. ಜೊತೆಗೆ ಬಣ್ಣ ಕೊಳ್ಳುವ ಕಂಪನಿಯ ಕೆಮಿಸ್ಟು. ಬಿದ್ದವಳನ್ನು ಬಳಸಿಕೊಂಡು ಹೋಗುತ್ತ ಇಬ್ಬರೂ ತಮ್ಮ ಮಾತು ಮುಂದುವರಿಸಿದರು.

"ಬಣ್ಣ ಬಿಡಿಸಿದ್ರೆ ಸಾಲ್ದು ಸಾರ್, ಆಮೇಲೆ ಹೆಕ್ಸೇನ್ ಪೂರ್ತಿ ತೊಲಗ್ಬೇಕು. ಅದು ಮೈಗೆ ಸೇರ್ತಾ ಹೋದ್ರೆ ಕೈಕಾಲಿನ ನರ ಸಾಯುತ್ತೆ. ಅದರ ಬದಲು ಹೆಪ್ಟೇನ್ ಹಾಕಿ, ಆ ಭಯ ಕಮ್ಮಿ."

"ಅದನ್ನ ಕುದಿಸೋಕೆ ಹಬೆ ಜಾಸ್ತಿ ಸ್ವಾಮಿ. ನನ್ನ ಕೈಲಾಗಲ್ಲ. ನಿಮ್ಮ ಬಣ್ಣದಲ್ಲಿ ಒಂದು ತೊಟ್ಟೂ ಉಳೀದ ಹಾಗೆ ಕಾಯ್ಸಿ ಕೊಟ್ರೆ ಆಯ್ತಲ್ಲ?"

"ಬಣ್ಣದಲ್ಲಿ ಉಳೀಲಿಲ್ಲ ಅಂದ್ರೆ ನಮ್ಮ ತಕರಾರಿಲ್ಲ" ಎಂದ ಕೆಮಿಸ್ಟು.

ದೊಡ್ಡಕ್ಕನ ಕೈ ಏಣಿಯ ಮೇಲೇ ನಿಂತಿತು. ಕಾಲಲ್ಲಿ ಇರುವೆ ಹರಿದ ಹಾಗಾಗುತ್ತದೆ ಎಂದು ತಂಗಿ ಅಂದಾಗಲೆಲ್ಲ, ಬಾಣಂತನದಲ್ಲಿ ಸರಿಯಾಗಿ ಮಲಗಲಿಲ್ಲ ನೀನು ಎಂದು ಇವಳೇ ಗದರಿದ್ದಳು.

"ಸಾಹುಕಾರ್ರೇ, ಇವಳು ಕುಡ್ದಿದಾಳೆ, ಓಡಿಸ್ತೀನಿ" ಎಂದ ಮೇಸ್ತ್ರಿ.

"ಬಾಯಿಗೆ ಹುಳ ಬೀಳ್ತದೆ ನೋಡು" ದೊಡ್ಡಕ್ಕ ಮುಂದೆ ಬಂದಳು. "ಮೊಲೆ ಕುಡಿಯೋ ಕೂಸು ಇದೆ ಅವಳಿಗೆ."

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕುಡುಕಿ ಎಂಬ ಹೆಸರು ಹೊತ್ತು ಹೋದರೆ ಯಾವ ಗೇಟೂ ತೆರೆಯುವುದಿಲ್ಲ. ಗಂಡನ ಮನೆಯವರಿಗಂತೂ ಅಷ್ಟು ನೆಪ ಸಿಕ್ಕಿದರೆ ಸಾಕು, ಕೂಸನ್ನು ಕಿತ್ತುಕೊಂಡು ಕದ ಹಾಕುತ್ತಾರೆ.

"ಕುಡೀದಿದ್ರೆ ತೋರಿಸ್ಲಿ" ಮೇಸ್ತ್ರಿ ಲಾರಿ ನಿಲ್ಲಿಸಲು ಅಂಗಳದಲ್ಲಿ ಬಳಿದಿದ್ದ ಬಿಳಿ ಗೆರೆಯತ್ತ ಕೈ ಮಾಡಿದ. "ಗೆರೆ ಮೇಲೆ ನಡಿಯೇ."

ಸಾಹುಕಾರ ನಕ್ಕ. ಲಾರಿಯವರು ಬೀಡಿ ಜೇಬಿಗೆ ಹಾಕಿಕೊಂಡು ಸಾಲಾಗಿ ನಿಂತರು. ತಂಗಿ ಎದ್ದು, ಸೆರಗು ಸರಿ ಮಾಡಿಕೊಂಡು, ಪಾದ ನೋಡಿಕೊಳ್ಳುತ್ತ ನಡೆದಳು.

"ಮದುವಣಗಿತ್ತಿ ಥರ ನೆಲ ನೋಡ್ಬೇಡ. ತಲೆ ಎತ್ತು!"

ತಲೆ ಎತ್ತಿದಳು. ಒಂದು ಚಪ್ಪಲಿ ಹಿಂದೆ ಉಳಿಯಿತು, ಅವಳಿಗೆ ತಿಳಿಯಲಿಲ್ಲ. ಸೊಂಟ ವಾಲಿತು. ಬಿದ್ದಳು. ಲಾರಿಯವರು ಸಿಳ್ಳೆ ಹಾಕಿದರು.

"ನಾನು ನಡೀತೀನಿ. ನಮ್ಮ ವಂಶದಲ್ಲಿ ಯಾವಳೂ ಕುಡ್ದೋಳಲ್ಲ" ಎಂದು ದೊಡ್ಡಕ್ಕ ಗೆರೆಯ ತುದಿಯಲ್ಲಿ ನಿಂತಳು. ತಂಗಿಯ ಮಾನ ತನ್ನ ಕಾಲಲ್ಲಿದೆ ಎಂದುಕೊಂಡಳು. ತಲೆ ಎತ್ತಿ ಹೆಜ್ಜೆ ಇಟ್ಟಳು. ನೆಲ ಇರಲಿಲ್ಲ.

ಕಣ್ಣಿಗೆ ಕಾಣುವಷ್ಟು ಹೊತ್ತು ಮಾತ್ರ ಪಾದ ಅವಳದಾಗಿತ್ತು. ತಗ್ಗಿಸಿದ ತಲೆ ಎತ್ತದ ಹೆಂಗಸು ಎಂದು ಅತ್ತೆ ಓಣಿಯಲ್ಲೆಲ್ಲ ಹೊಗಳಿಕೊಂಡು ಬಂದಿದ್ದಳು. ದೊಡ್ಡಕ್ಕನೂ ಆ ಹೊಗಳಿಕೆಯನ್ನು ಒಡವೆಯ ಹಾಗೆ ತೊಟ್ಟುಕೊಂಡಿದ್ದಳು. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಇಷ್ಟು ದಿನ ಅವಳು ತನ್ನ ಕಾಲು ಎಲ್ಲಿದೆ ಎಂದು ಹುಡುಕುತ್ತಿದ್ದಳು. ನೆಲಕ್ಕೆ ಬಿದ್ದ ದೊಡ್ಡಕ್ಕನಿಗೆ ಅಳು ಬರಲಿಲ್ಲ. ಅಸಹ್ಯವಾಯಿತು.

"ಎಲಾ! ನಾನೂ ಏರಿಸ್ಕೊಂಡಿದೀನೋ ಏನೋ, ನೋಡೇಬಿಡೋಣ" ಎನ್ನುತ್ತ, ಎಲ್ಲರೂ ಬಾಯಿಬಡುಕಿ ಎಂದು ಕರೆಯುವ ಹೆಂಗಸು ಗೆರೆಗೆ ಬಂದಳು. ಹಂಡೆಯ ಹೆಂಗಸರಲ್ಲಿ ಅವಳೇ ಗಟ್ಟಿಗಿತ್ತಿ. ನಾಲ್ಕು ಹೆಜ್ಜೆ ಗತ್ತಿನಿಂದ ಹಾಕಿ ದೊಪ್ಪೆಂದು ಕುಸಿದಳು. ಆಮೇಲೆ ಯಾರೂ ಕರೆಯಬೇಕಾಗಲಿಲ್ಲ. ಹಂಡೆಗೆ ಇಳಿಯುವವರೆಲ್ಲ ಒಬ್ಬರ ಹಿಂದೊಬ್ಬರು ಬಂದು, ತಲೆ ಎತ್ತಿ, ತೂರಾಡಿ ಬಿದ್ದರು. ಲಾರಿಯವರ ಸಿಳ್ಳೆ ನಿಂತುಹೋಯಿತು. ಕೆಮಿಸ್ಟು ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದ.

"ನಾಟಕ! ಎಲ್ಲಾ ಸೇರಿ ನಾಟಕ ಆಡ್ತಿದಾವೆ!" ಸಾಹುಕಾರ ಕೆಂಪಾದ. "ಏಯ್ ಮೇಸ್ತ್ರಿ, ನೆಟ್ಟಗೆ ನಡಿಯೋದು ಹೇಗೆ ಅಂತ ತೋರಿಸೋ ಇವಕ್ಕೆ."

ಮೇಸ್ತ್ರಿ ಗೆರೆಗೆ ಬಂದಾಗ ನಿನ್ನೆಯ ಸಾರಾಯಿ ಇನ್ನೂ ಅವನ ಮೈಯಿಂದ ಗಬ್ಬೆನ್ನುತ್ತಿತ್ತು. ಎದೆ ಉಬ್ಬಿಸಿದ. ಈ ತುದಿಯಿಂದ ಆ ತುದಿಗೆ, ದಾರ ಹಿಡಿದ ಹಾಗೆ ನಡೆದ.

"ನೋಡಿದ್ರಾ?" ಎಂದ ಸಾಹುಕಾರ. ತಾನು ತೋರಿಸಿದ್ದು ಏನೆಂದು ಆಗ ಅವನಿಗೇ ಹೊಳೆಯಿತು.

"ನೋಡಿದ್ವಿ ಯಜಮಾನ್ರೇ" ಬಾಯಿಬಡುಕಿ ಕೂತಲ್ಲಿಂದಲೇ ಹೇಳಿದಳು. "ಹಂಡೆಗೆ ಇಳಿದೋರೆಲ್ಲ ಬಿದ್ರು. ಕುಡ್ದೋನು ನಡ್ದ."

"ಹಂಡೆ ಆರ್ತಾ ಇದೆ, ಏಳ್ರೇ ಮುಂಡೇರಾ! ಚರಟ ಕಚ್ಕೊಂಡ್ರೆ ಯಾವಳು ಕೆರೀತಾಳೆ?" ಮೇಸ್ತ್ರಿ ಕಿರುಚಿದ.

ದೊಡ್ಡಕ್ಕ ತಂಗಿಯ ಭುಜಕ್ಕೆ ಕೈ ಊರಿಕೊಂಡು ಎದ್ದಳು. ಪಾದ ನೋಡಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋಗಿ, ಗೋಡೆಗೆ ಒರಗಿಸಿದ್ದ ಮರದ ಸಲಿಕೆ ತಂದು ಮೇಸ್ತ್ರಿಯ ಎದೆಗೆ ಒತ್ತಿ ಹಿಡಿದಳು.

"ಇಲ್ಲಿ ನೆಟ್ಟಗಿರೋ ಕಾಲು ನಿಂದೊಂದೇ ಕಣೋ, ಬೋಳಿಮಗನೇ. ಇಳಿ."